ಮೀನುಗಳಿಗೆ ಗಂಡು ಹುಡುಕುವಾಕೆ

ಬೆಳಕು ಹರಿಯುವ ಮೊದಲೇ ಯೆ ಸಾಯ್‌ಲ್ಯಾನ್ ಮೊಣಕಾಲುದ್ದ ನೀರಿಗಿಳಿದಿದ್ದಾರೆ. ಚಿಂಗ್‌ಥ್ಯಾನ್ ಬೆಟ್ಟದ ಮೆಟ್ಟಿಲುಗದ್ದೆಗಳ ಮಗ್ಗುಲಿನ ಹೊಂಡ. ಹೆಣ್ಣುಮೀನೊಂದನ್ನು ಎತ್ತಿ ಹೊಟ್ಟೆ ಸವರುತ್ತಾರೆ, ಬಿಡುತ್ತಾರೆ, ಇನ್ನೊಂದಕ್ಕೆ ಕೈ ಹಾಕುತ್ತಾರೆ. "ಹೆಚ್ಚೆಂದ್ರೆ ಎರಡು ದಿನ. ಆಮೇಲೆ ಇವು ನನ್ನ ಮಾತು ಕೇಳಲ್ಲ, ಮೊಟ್ಟೆ ಇಟ್ಟೇ ಇಡ್ತವೆ," ಎನ್ನುತ್ತಾರೆ. ಮೊಟ್ಟೆ ಅಂಟಿಕೊಳ್ಳಲೆಂದು ತಾಳೆನಾರಿನ ಕಂತೆಗಳು ದಡದಲ್ಲಿ ಸಿದ್ಧವಾಗಿವೆ. ತಕ್ಕ ಗಂಡುಮೀನು ಮಾತ್ರ ಸಿಕ್ಕಿಲ್ಲ.

ಅರವತ್ತಮೂರರ ಸಾಯ್‌ಲ್ಯಾನ್ ಊರಿನ ಇಪ್ಪತ್ತಾರು ಮನೆಗಳ ಭತ್ತದ ಗದ್ದೆಯ ನೀರಲ್ಲಿ ಸಾಕಲು ಮರಿಮೀನು ಕೊಡುವವರು. ಅತ್ತೆಯಿಂದ ಬಂದ ಕೆಲಸ, ಅತ್ತೆಯದೇ ಕಟ್ಟಳೆ: ಮೀನಿಗೂ ಸಗೋತ್ರ ಕೂಡದು. ಮೂರು ವರ್ಷಕ್ಕೊಮ್ಮೆ ಗಂಡುಗಳು ಬೆಟ್ಟದಾಚೆಯಿಂದ ಬರಬೇಕು. ಹಿಂದೊಮ್ಮೆ ಸಾಯ್‌ಲ್ಯಾನ್ ಮಂಡಿನೋವೆಂದು ತಮ್ಮ ಹೊಂಡದ ಗಂಡುಗಳನ್ನೇ ಬಿಟ್ಟಿದ್ದರು. ನೂರರಲ್ಲಿ ಮೂವತ್ತು ಮರಿಗಳ ಬೆನ್ನು ಸೊಟ್ಟ. ಉಳಿದವು ಒಂದೇ ರೋಗಕ್ಕೆ ವಾರದೊಳಗೆ ಸತ್ತು ತೇಲಿದವು. "ಆ ವರ್ಷ ಊರೆಲ್ಲ ಬರೀ ಅನ್ನ ತಿಂತು, ನನ್ನ ಮುಖ ನೋಡ್ಕೊಂಡೇ ತಿಂತು." ಹೇಳುವಾಗ ಇವತ್ತಿಗೂ ಅವರಿಗೆ ನಾಚಿಕೆ.

ಈ ಸಲ ಅವರು ಸೋಮಾರಿತನ ಮಾಡಲಿಲ್ಲ. ನಿನ್ನೆ ಬೆಟ್ಟ ಹತ್ತಿಳಿದು, ಆಚೆ ಊರಿನ ಜಿನ್ ಫಾಗೆನ್ ಅವರ ಹೊಂಡದಿಂದ ಆರು ಕೆಂಪು ಗಂಡುಗಳನ್ನು ಆರಿಸಿ ಬಕೆಟ್ಟಿಗೂ ಹಾಕಿಕೊಂಡಿದ್ದರು. ಆಗ ಫಾಗೆನ್ ಬೀಗಿದರು: "ಚೆನ್ನಾಗಿರದೆ ಏನಕ್ಕ? ನಾಲ್ಕು ವರ್ಷದ ಹಿಂದೆ ನಿಮ್ಮ ಮಗಳು ಬಳುವಳಿಯಾಗಿ ತಂದ ಮರಿಗಳ ಸಂತಾನ! ಹೋಟೆಲಿನೋರಿಗೆ ಕೆಂಪೇ ಬೇಕಂತೆ. ಈಗ ಊರೆಲ್ಲ ಇವೇ."

ಮದುವಣಗಿತ್ತಿಯ ಜೊತೆ ಮರಿಮೀನು ಕಳಿಸುವುದು ಇಲ್ಲಿನ ವಾಡಿಕೆ. ಸಾಯ್‌ಲ್ಯಾನ್ ತಾವೇ ಆರಿಸಿ ಕಳಿಸಿದ್ದರು. ಆರು ಗಂಡುಗಳನ್ನೂ ಫಾಗೆನ್ ಹೊಂಡಕ್ಕೇ ಮರಳಿ ಬಿಟ್ಟು ಬಂದರು. "ಅಳಿಯಂದಿರನ್ನ ತರೋಕೆ ಹೋದೆ, ನೋಡಿದ್ರೆ ಎಲ್ಲ ನನ್ನ ಮೊಮ್ಮಕ್ಕಳು!" ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ, ಬಿಸಿಲೇರುತ್ತಿದೆ.

ಖಾಲಿ ಬಕೆಟ್ ಹಿಡಿದು ಮೊದಲ ಬಸ್ಸಿಗೆ ಓಡುತ್ತಾರೆ. ಬಸ್ಸು ಮುಗಿದಲ್ಲಿಂದ ಎರಡು ತಾಸು ನಡಿಗೆ. ಹೋಟೆಲಿನವರು ಕಾಲಿಡದ ಮೂರನೇ ಬೆಟ್ಟದ ಊರಿನಿಂದ ಸಂಜೆಯ ಹೊತ್ತಿಗೆ ಮರಳುತ್ತಾರೆ, ನಾಲ್ಕು ಗಂಡುಗಳೊಂದಿಗೆ. ಮೂರು ಕಪ್ಪು, ಒಂದು ಮಚ್ಚೆಯದು.

ಪಕ್ಕದ ಮನೆಯ ಸೊಸೆ ಬಕೆಟ್ಟಿಗೆ ಇಣುಕಿ ಮೂಗು ಮುರಿಯುತ್ತಾಳೆ. "ಅಯ್ಯೋ ಚಿಕ್ಕಮ್ಮ, ಅಷ್ಟು ದೂರ ಹೋಗಿ ಈ ಕರಿಮೂತಿಗಳನ್ನ ತಂದ್ರಾ? ಯಾರು ತಿಂತಾರೆ ಇವನ್ನ?"

"ಇವನ್ನಲ್ಲ ಕಣೇ, ಇವುಗಳ ಮಕ್ಕಳನ್ನ ತಿನ್ನು."

ಗಂಡುಗಳು ನೀರಿಗಿಳಿಯುತ್ತವೆ. ಹೆಣ್ಣುಗಳು ಇನ್ನೂ ಮೊಟ್ಟೆ ಇಟ್ಟಿಲ್ಲ. ಸಾಯ್‌ಲ್ಯಾನ್ ಕೂರುವುದಿಲ್ಲ, ನಾರಿನ ಕಂತೆಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಾರೆ. ಇಷ್ಟೆಲ್ಲ ಮಾಡಿ ಏನು ಬಯಸುತ್ತೀರಿ ಎಂದು ಕೇಳಿದರೆ ತಲೆಯೆತ್ತದೆಯೇ ಹೇಳುತ್ತಾರೆ: "ಸೊಟ್ಟ ಮೀನನ್ನ ಎಲ್ರೂ ಎತ್ತಿ ನೋಡ್ತಾರೆ, ಬೆನ್ನು ನೆಟ್ಟಗಿರೋದನ್ನ ಯಾರೂ ಎತ್ತಿ ನೋಡಲ್ಲ. ನನ್ನ ಮೀನನ್ನೂ ಯಾರೂ ಎತ್ತಿ ನೋಡದಿದ್ರೆ ಸಾಕು."