ರುದ್ರಸ್ವಾಮಿ ಮೇಷ್ಟರ ಉಪ್ಪುನೀರಿನ ಪಾಠ

ರುದ್ರಸ್ವಾಮಿ ಮೇಷ್ಟರಿಗೆ ಸಿಟ್ಟು ಬರಲು ಇಂಥದ್ದೇ ಕಾರಣ ಬೇಕೆಂದೇನೂ ಇರಲಿಲ್ಲ. ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸು ಹತ್ತುತ್ತಿದ್ದ ಹಾಗೇ ಅದು ಶುರುವಾಗುತ್ತಿತ್ತು. ಡ್ರೈವರ್ ಬ್ರೇಕ್ ಹಾಕಿದಾಗ ಮುಗ್ಗರಿಸಿದ ಜನ ಡ್ರೈವರನ್ನು ಬೈದರೆ, ಮೇಷ್ಟರು ಆ ಜನವನ್ನೇ ಬೈಯುತ್ತಿದ್ದರು. "ಏಳನೇ ಕ್ಲಾಸಲ್ಲಿ ಏನ್ರೀ ಓದಿದ್ರಿ? ಬಸ್ಸು ನಿಂತ್ರೂ ಮೈ ಮುಂದಕ್ಕೆ ಹೋಗ್ತಾನೇ ಇರ್ತದೆ. ಕಂಬಿ ಇರೋದು ಯಾಕೆ, ನೋಡಕ್ಕಾ?" ಮನೆಯಲ್ಲಿ ಹೆಂಡತಿ ಪುಟ್ಟಗೌರಮ್ಮ ಕುಕ್ಕರ್ ಮುಚ್ಚಳ ತೆಗೆಯಲು ಅವಸರ ಮಾಡಿದರೆ ಆವಿಯ ಒತ್ತಡದ ಮೇಲೆ ಒಂದು ಪಾಠ. "ಅನ್ನ ಬೇಕೋ ಬೇಡ್ವೋ, ಅಷ್ಟು ಹೇಳಿ," ಎಂದು ಆಕೆ ಅದನ್ನು ಅಲ್ಲಿಗೇ ಮುಗಿಸುತ್ತಿದ್ದರು.

ಹುಟ್ಟಿದ್ದು ಧನಗೆರೆಯಲ್ಲಿ. ಓದುವ ಕಾಲಕ್ಕೆ ವಿಜ್ಞಾನವೆಂದರೆ ಬೋರ್ಡಿನ ಮೇಲಿನ ಸೀಮೆಸುಣ್ಣ. ಅವರ ಮೇಷ್ಟ್ರು ಬೋರ್ಡಿನ ಮೇಲೆ ಮಸೂರ ಬರೆದಿದ್ದರು, ಆಯಸ್ಕಾಂತ ಬರೆದಿದ್ದರು, ಹುಡುಗರು ಅದನ್ನು ನೋಡಿಕೊಂಡು ಬರೆದುಕೊಂಡಿದ್ದರು. ನಿಜವಾದ ಆಯಸ್ಕಾಂತವನ್ನು ರುದ್ರಸ್ವಾಮಿ ಮೊದಲು ಮುಟ್ಟಿದ್ದು ಟೀಚರ್ ಟ್ರೈನಿಂಗಿಗೆ ಹೋದ ಮೇಲೆ. ಎರಡು ತುಂಡು ಒಂದನ್ನೊಂದು ತಳ್ಳಾಡುವುದು ಬೆರಳಿಗೆ ತಾಕಿದಾಗ ಅವರಿಗೆ ಖುಷಿಗಿಂತ ಹೆಚ್ಚಾಗಿ ರೇಗಿಹೋಗಿತ್ತು. ಇಷ್ಟು ವರ್ಷ ಇದನ್ನು ಯಾರೂ ತನ್ನ ಕೈಗೆ ಕೊಡಲಿಲ್ಲವಲ್ಲ ಎಂದು. ತಾನು ಮೇಷ್ಟ್ರಾದರೆ ಮಕ್ಕಳು ಕಣ್ಣಲ್ಲಿ ಕಂಡದ್ದನ್ನೇ ಬರೆಯಬೇಕು ಅಂತ ಅವತ್ತೇ ತೀರ್ಮಾನಿಸಿಕೊಂಡರು.

ಅವರು ಪಾಠ ಮಾಡುತ್ತಿದ್ದ, ಹೊನ್ನೂರಿನ ಆಚೆಗಿನ ಸರ್ಕಾರಿ ಶಾಲೆಯಲ್ಲಿ ಅವರದ್ದೊಂದು ತಗಡಿನ ಪೆಟ್ಟಿಗೆ ಇತ್ತು. ಕೆಟ್ಟ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ, ಒಡೆದ ಕನ್ನಡಿ ಚೂರು, ಟಾರ್ಚಿನ ಬಲ್ಬು, ತಾಮ್ರದ ತಂತಿ ಎಲ್ಲವೂ ಅದರೊಳಗೆ. ಪ್ರತಿ ಪಾಠಕ್ಕೂ ಪೆಟ್ಟಿಗೆ ತೆರೆಯುವರು, ತೋರಿಸುವರು, ಮುಟ್ಟಿಸುವರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವರು. ಆಮೇಲೆ ಮನೆಗೆ ಹೋಗಿ ಗೈಡ್ ತೆಗೆದು ಅದರಲ್ಲಿದ್ದದ್ದನ್ನು ಇಳಿಸಿಕೊಂಡು ಬರುವರು. ಒಂದು ವರ್ಷ ಆ ಗೈಡಿನಲ್ಲಿ ಸೊನ್ನೆಯೊಂದು ಅಚ್ಚಾಗದೆ ಬಿದ್ದುಹೋಗಿ, ಇಡೀ ತರಗತಿಗೆ ನೀರು ಹತ್ತು ಡಿಗ್ರಿಯಲ್ಲೇ ಕುದಿಯಿತು. ಮೇಷ್ಟರು ತಲೆ ಚಚ್ಚಿಕೊಂಡರು. "ಹತ್ತು ಡಿಗ್ರಿಗೆ ಕುದ್ರೆ ನೀವು ಕುಡಿಯೋದೇನ್ರಲೇ, ಬೆಂಕಿಯಾ?" ಮಕ್ಕಳಿಗೆ ನಗು ಬಂತೇ ಹೊರತು ಗೈಡ್ ಬಿಡುವ ಬುದ್ಧಿ ಬರಲಿಲ್ಲ. ಹೆಡ್ಮಾಸ್ಟರು ಬೇರೆ, ಟೆಸ್ಟ್ ಹತ್ತಿರ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: "ಪ್ರಶ್ನೋತ್ತರ ಬರೆಸಿ ಬಾಯಿಪಾಠ ಮಾಡಿಸಿಬಿಡಿ ರುದ್ರಸ್ವಾಮಿ, ನಿಮ್ಮ ಪೆಟ್ಟಿಗೆ ಆಮೇಲೆ ನೋಡೋಣ."

ಈ ಕಾಟದಲ್ಲಿ ಅವರಿಗಿದ್ದ ಒಂದೇ ಸಮಾಧಾನ ಏಳನೇ ತರಗತಿಯ ನಾಗಶ್ರೀ. ಊರಿನ ದೊಡ್ಡ ಜಮೀನುದಾರರಾದ ಚಿಕ್ಕಮಾದಪ್ಪನವರ ಮೊಮ್ಮಗಳು. ಆ ಮನೆತನದ ಬೇರೆ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಕೊಳ್ಳೇಗಾಲದ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಇವಳು ಮಾತ್ರ ವ್ಯಾನಿನಲ್ಲಿ ವಾಂತಿ ಮಾಡಿಕೊಳ್ಳುತ್ತಾಳೆಂದು ಇಲ್ಲೇ ಉಳಿದಿದ್ದಳು. ಓದಿದ್ದನ್ನು ಒಪ್ಪಿಸುವುದಕ್ಕಿಂತ ಕೇಳುವುದೇ ಜಾಸ್ತಿ. "ಎಳನೀರು ಕಾಲುವೇಲಿ ತೇಲ್ತದೆ. ಒಳಗಿರದೂ ನೀರೇ ಅಲ್ವಾ ಸಾ, ಯಾಕ್ ಮುಳುಗಲ್ಲ?" ಎಂದು ಕೇಳಿದ ದಿನ ಮೇಷ್ಟರು ಬಸ್ಸಿನಲ್ಲಿ ಯಾರನ್ನೂ ಬೈಯದೆ ಮನೆಗೆ ಹೋಗಿದ್ದರು.

ಆ ಪ್ರಶ್ನೆಯಿಂದಲೇ ಸಾಂದ್ರತೆಯ ಪಾಠ ಶುರುವಾಗಿ ಮೊಟ್ಟೆಯ ಪ್ರಯೋಗಕ್ಕೆ ಬಂತು. ಮೊಟ್ಟೆ ಸಾದಾ ನೀರಿನಲ್ಲಿ ಮುಳುಗುತ್ತದೆ, ಉಪ್ಪು ಹಾಕುತ್ತಾ ಹೋದರೆ ಮೇಲೆದ್ದು ತೇಲುತ್ತದೆ. ಟೆಸ್ಟಿನಲ್ಲಿ ತಪ್ಪದೆ ಬರುವ ಪ್ರಶ್ನೆ. ಪೆಟ್ಟಿಗೆಯಿಂದ ಎಲ್ಲವನ್ನೂ ತಾವೇ ತೆಗೆದು ತೋರಿಸುವ ಮೇಷ್ಟರು ಇದೊಂದನ್ನು ಮಾತ್ರ ಪ್ರತಿ ವರ್ಷ ಹೋಂವರ್ಕಿಗೆ ಕೊಡುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ಚಿಕ್ಕಮಾದಪ್ಪನವರ ಮನೆಯ ಹಾಗೇ ಅವರದೂ ಲಿಂಗ ಕಟ್ಟಿದ ಮನೆ. ಮೊಟ್ಟೆ ಎಂದು ಬೋರ್ಡಿನ ಮೇಲೆ ಬರೆದದ್ದು ಬಿಟ್ಟರೆ ಅವರು ಅದನ್ನು ಮುಟ್ಟಿದವರೇ ಅಲ್ಲ. ಅದು ತೇಲುವುದನ್ನು ಅವರು ನೋಡಿಯೂ ಇರಲಿಲ್ಲ. ಆಲೂಗಡ್ಡೆಯಲ್ಲಿ ಮಾಡಬಹುದಿತ್ತು. ಆದರೆ ಪುಸ್ತಕದಲ್ಲಿ ಮೊಟ್ಟೆ, ಪ್ರಶ್ನೆಪತ್ರಿಕೆಯಲ್ಲೂ ಮೊಟ್ಟೆ.

ಮಾರನೆಯ ದಿನ ಒಬ್ಬೊಬ್ಬರನ್ನೇ ನಿಲ್ಲಿಸಿ ಏನು ಕಂಡಿರಿ ಎಂದು ಕೇಳಿದರು. ಮೊದಲನೆಯವನು ಕೈಕಟ್ಟಿ ಒಪ್ಪಿಸಿದ: "ಮೊಟ್ಟೆಯು ಸಾದಾ ನೀರಿನಲ್ಲಿ ಮುಳುಗಿತು. ಉಪ್ಪುನೀರಿನಲ್ಲಿ ತೇಲಿತು. ಆದ್ದರಿಂದ ಉಪ್ಪುನೀರಿನ ಸಾಂದ್ರತೆ ಹೆಚ್ಚು." ಎರಡನೆಯವಳೂ ಅದೇ. ಮೂರನೆಯವನೂ ಅದೇ, ಅದೇ ರಾಗದಲ್ಲಿ. ಒಬ್ಬರ ಮನೆಯಲ್ಲೂ ಮೊಟ್ಟೆ ಒಡೆಯಲಿಲ್ಲ, ಉಪ್ಪು ಸಾಲದೆ ಹೋಗಲಿಲ್ಲ, ತಮ್ಮ ಬಂದು ಲೋಟ ಬೀಳಿಸಲಿಲ್ಲ. ಕೇಳುತ್ತಾ ಕೇಳುತ್ತಾ ಮೇಷ್ಟರ ಕಿವಿ ಕೆಂಪಗಾಯಿತು. ಮನೆಗೆ ಈರುಳ್ಳಿ ತರಲೂ ಹಿಂದೆ ಮುಂದೆ ನೋಡುವ ಮನೆಯ ಹುಡುಗ ಕೂಡ ಮೊಟ್ಟೆ ತೇಲಿಸಿ ಬಂದಿದ್ದ!

ನಾಗಶ್ರೀಯ ಸರದಿ ಬಂತು. ಅವಳು ಎದ್ದು, "ಸಾ, ನಂದ್ರಲ್ಲಿ ಮೊಟ್ಟೆ..." ಎನ್ನುವಷ್ಟರಲ್ಲಿ ಮೇಷ್ಟರ ತಾಳ್ಮೆ ಕಿತ್ತುಕೊಂಡು ಹೋಯಿತು.

"ಸಾಕು ನಿಲ್ಸು! ಇವರೆಲ್ಲ ಸರಿ, ನೀನೂ ಶುರು ಹಚ್ಕೊಂಡ್ಯಾ? ಚಿಕ್ಕಮಾದಪ್ಪನೋರ ಮನೇಲೂ ಮೊಟ್ಟೆ ಬೇಯ್ತಾ ಅದಾ ಈಗ?"

ತರಗತಿ ಗೊಳ್ಳೆಂದಿತು. ಹುಡುಗಿ ತುಟಿ ಕಚ್ಚಿಕೊಂಡು ಕೂತಳು. ಎಲ್ಲರಿಗೂ ಸೊನ್ನೆ ಎಂದು ಹೇಳಿ ಮೇಷ್ಟರು ಹೊರಗೆ ಹೋದರು. ಕಿಟಕಿ ತೆರೆದಿತ್ತು, ಕಿಟಕಿಯ ಎದುರಿಗೇ ಹಾಲಿನ ಡೈರಿ ಇತ್ತು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಸಂಜೆ ಹಾಲು ಹಾಕುವ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ. ಚಿಕ್ಕಮಾದಪ್ಪನವರ ಮನೆಯಲ್ಲಿ ಮೊಟ್ಟೆ ಬೇಯುತ್ತದಂತೆ, ಮೇಷ್ಟ್ರೇ ಹೇಳಿದರಂತೆ.

ಮರುದಿನ ಪ್ರಾರ್ಥನೆ ಮುಗಿಯುವುದಕ್ಕೂ ಹುಡುಗಿಯ ಅಜ್ಜಿ ಶಿವರತ್ನಮ್ಮ ಗೇಟು ತಳ್ಳಿಕೊಂಡು ಬರುವುದಕ್ಕೂ ಸರಿಹೋಯಿತು. ಹಣೆಯ ತುಂಬಾ ವಿಭೂತಿ, ಒಂದು ಕೈಯಲ್ಲಿ ಮೊಮ್ಮಗಳ ರಟ್ಟೆ.

"ಏನ್ ಮೇಷ್ಟ್ರೇ, ನಮ್ಮನೇಲಿ ಮೊಟ್ಟೆ ಬೇಯ್ತದೆ ಅಂದ್ರಂತೆ? ನೀವೂ ನಮ್ಮೋರೇ ಅಲ್ವಾ? ಡೈರಿತಾವ ಆಲು ಆಕಕ್ಕೋದ್ರೆ ಮಖ ಎತ್ಕಂಡು ನಿಂತ್ಕಳಂಗಿಲ್ಲ ನಾನು!"

"ಅಮ್ಮಾ, ನಾನು ಹಾಗೆ ಹೇಳಲಿಲ್ಲ. ಬೈಯೋ ಭರದಲ್ಲಿ..."

"ನೀವು ಬೈದ್ರೋ ಬುಟ್ರೋ ಅದಲ್ಲ ನಾ ಕೇಳ್ತಾ ಇರದು. ಇವ್ಳು ಮುಟ್ಟಿದ್ಲಾ, ಇಲ್ವಾ? ರಾತ್ರಿಯಿಂದ ಕೇಳ್ತಾ ಇವ್ನಿ, ಬಾಯೇ ಬುಡ್ತಿಲ್ಲ. ಮುಟ್ಟಿದ್ರೆ ಇವತ್ತೇ ಟೀಸಿ ಕೊಟ್ಬುಡಿ. ವಾಂತಿ ಮಾಡ್ಕಂಡ್ರೂ ಸರಿಯೇ, ವ್ಯಾನ್ ಅತ್ತುಸ್ತೀನಿ."

ಬೇರೆ ಯಾವ ಮಗು ಟೀಸಿ ತೆಗೆದುಕೊಂಡು ಹೋದರೂ ಅವರಿಗೆ ಬೇಸರವಾಗುತ್ತಿತ್ತು ನಿಜ. ಇವಳು ಹೋದರೆ ಆ ಶಾಲೆಗೆ ಬಸ್ಸು ಹತ್ತಿ ಬರುವುದಾದರೂ ಯಾತಕ್ಕೆ? ಆದರೆ ಒಳಗೊಳಗೆ ಧೈರ್ಯವೂ ಇತ್ತು. ಇವಳೂ ಗೈಡ್ ನೋಡಿದವಳೇ ತಾನೆ, ಮುಟ್ಟಿಲ್ಲ ಎಂದು ಎದೆ ತಟ್ಟಿಕೊಂಡು ಹೇಳಬಹುದು.

ಅಷ್ಟರಲ್ಲಿ ಅಜ್ಜಿ ಇನ್ನೊಂದು ಮಾತು ಹಾಕಿದರು. "ಇಲ್ಲಾಂದ್ರೆ ನಮ್ಮ ಉಪ್ಪಿನ ಜಾಡಿ ಅರ್ಧಕ್ಕರ್ಧ ಖಾಲಿಯಾದ್ದು ಎಂಗೆ, ಅದ ಯೋಳಿ ನೋಡವ!"

ಮೇಷ್ಟರು ತಟ್ಟನೆ ಹುಡುಗಿಯ ಮುಖ ನೋಡಿದರು. ಗೈಡ್ ನೋಡಿ ಬರೆಯುವುದಕ್ಕೆ ಉಪ್ಪು ಬೇಕಾಗುವುದಿಲ್ಲ. ಹುಡುಗಿ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಭಯಕ್ಕಿಂತ ಹೆಚ್ಚಾಗಿ, ನಿನ್ನೆಯಿಂದ ಹೇಳಲಾಗದೆ ಉಳಿದ ಮಾತಿನ ಸಂಕಟವಿತ್ತು.

"ಸಾ, ಅದು ಮಧ್ಯದಲ್ಲೇ ನಿಂತ್ಕ..."

"ಬಾಯ್ಮುಚ್ಚು!" ಎಂದು ಮೇಷ್ಟರು ಅಬ್ಬರಿಸಿದರು. ನಿನ್ನೆ ಅವಳ ಮಾತು ಕಡಿದದ್ದು ಸಿಟ್ಟಿಗೆ. ಇವತ್ತು ಕಡಿದದ್ದು ಬೇಕೆಂದೇ. "ಅಮ್ಮಾ, ಉಪ್ಪು ತರಿಸಿದ್ದು ನಾನು. ಉಪ್ಪುನೀರು ಕಾಯಿಸಿ ಮತ್ತೆ ಉಪ್ಪು ತೆಗೆಯೋ ಪಾಠ ಇತ್ತು. ಮೊಟ್ಟೆ ಗಿಟ್ಟೆ ಇವಳು ಮುಟ್ಟೂ ಇಲ್ಲ, ನೋಡೂ ಇಲ್ಲ. ಗೈಡಲ್ಲಿರೋದ ಕಾಪಿ ಹೊಡೆದು ಒಪ್ಪಿಸಿದ್ಲು, ಅದಕ್ಕೇ ಬೈದೆ. ಸೊನ್ನೆ ಕೊಟ್ಟಿದ್ದೀನಿ."

ಹುಡುಗಿಯ ಕಣ್ಣು ತುಂಬಿ ಬಂತು. ಅಜ್ಜಿಯ ಮುಖ ಮಾತ್ರ ಅರಳಿತು.

"ಕಾಪಿ ತಾನೆ? ಅಷ್ಟೇ ತಾನೆ? ಅಯ್ಯೋ ನನ್ನಪ್ಪನೇ, ಅದ ಮೊದ್ಲೇ ಯೋಳ್ಬಾರ್ದಾ!" ರಟ್ಟೆ ಬಿಟ್ಟು ಮೊಮ್ಮಗಳ ತಲೆ ಸವರಿದರು. "ನೋಡ್ಕಂಡು ಬರೀಬಾರ್ದು ಕಣವ್ವ, ಮೇಷ್ಟ್ರು ಬೇಜಾರು ಮಾಡ್ಕತಾರೆ. ಮನೇಲಿ ಯೋಳ್ದಂಗೆ ಕೇಳು, ಸ್ಕೂಲಲ್ಲಿ ಯೋಳ್ದಂಗೆ ಬರಿ. ಆಯ್ತಾ?"

"ಆಯ್ತಜ್ಜಿ," ಅಂದಳು ನಾಗಶ್ರೀ, ನೆಲ ನೋಡಿಕೊಂಡು, ಸಪ್ಪಗೆ.

ಅಜ್ಜಿ ಡೈರಿಯ ಕಡೆಗೇ ನೇರವಾಗಿ ನಡೆದರು. ಅಲ್ಲಿ ಹೇಳಬೇಕಾದದ್ದು ಬಹಳ ಇತ್ತು. ತಮ್ಮ ಮೊಮ್ಮಗಳು ಕಾಪಿ ಹೊಡೆದಳು ಎಂದು ಊರಿಗೆಲ್ಲ ಸಾರಲು ಇಷ್ಟು ಸಡಗರದಿಂದ ಹೋಗುವವರನ್ನು ಮೇಷ್ಟರು ಜನ್ಮದಲ್ಲಿ ಕಂಡಿರಲಿಲ್ಲ. ಕಾಪಿ ಹೊಡೆಯುವುದು ಒಂದು ತಪ್ಪು ಎಂದು ಈ ಊರಿನಲ್ಲಿ ತಿಳಿದುಕೊಂಡವನು ತಾನೊಬ್ಬನೇ ಇರಬೇಕು ಎನ್ನಿಸಿ ಮೈಯೆಲ್ಲ ಉರಿಯಿತು.

ವರಾಂಡದಲ್ಲಿ ಇಬ್ಬರೇ ಉಳಿದರು.

"ನಾನು ಕಾಪಿ ಒಡೀಲಿಲ್ಲ ಸಾ."

"ಗೊತ್ತು ಕಣವ್ವ."

"ಮಧ್ಯದಲ್ಲಿ ನಿಂತ್ಕತದೆ ಅಂತ ಗೈಡಲ್ಲಿಲ್ಲ ಸಾ."

ಹೋಗು ಕ್ಲಾಸಿಗೆ ಎನ್ನಬೇಕೆಂದಿದ್ದರು. ಆದರೆ ಬಾಯಿಂದ ಬಂದದ್ದೇ ಬೇರೆ. "ಎಲ್ಲಿ ನಿಂತಿತ್ತು? ಸರಿಯಾಗಿ ಹೇಳು."

ಹುಡುಗಿ ಕಣ್ಣೊರೆಸಿಕೊಂಡು ಒಂದೇ ಉಸಿರಿಗೆ ಹೇಳಿದಳು. ಗೆಳತಿ ಪದ್ಮಿನಿಗೆ ಬಿಸಿಯೂಟದ ತನ್ನ ಬಾಳೆಹಣ್ಣು ಕೊಟ್ಟು, ಅವಳ ಪಾಲಿನ ಬೆಂದ ಮೊಟ್ಟೆ ತಕಂಡಿದ್ದು. ಮನೆಗೆ ಒಯ್ಯದೆ ಕಬ್ಬಿನ ಗದ್ದೆಯ ಪಂಪ್‌ಸೆಟ್ ಹತ್ತಿರ, ಯಾರೋ ಬಿಸಾಕಿದ್ದ ದೊಡ್ಡ ಬಾಟಲಿ ಕೊಯ್ದು ಅರ್ಧದಷ್ಟು ನೀರು ತುಂಬಿದ್ದು. ಉಪ್ಪು ಕದಡಿದ ಮೇಲೆ ಮೊಟ್ಟೆ ಮೇಲೆ ಬಂತು. ಯಾರೋ ಬರುವ ಸದ್ದಾಯಿತೆಂದು ಮುಚ್ಚಿಡಲು ಹೋಗಿ, ಉಪ್ಪು ತೊಳೆದುಹೋಗಲಿ ಎಂದು ಮೇಲಿನಿಂದ ಸದ್ದಾಗದ ಹಾಗೆ ಮೆಲ್ಲಗೆ ಸಾದಾ ನೀರು ಸುರಿದಳು. ಬಾಟಲಿ ತುಂಬಿತು, ಮೊಟ್ಟೆ ಮಾತ್ರ ಮೇಲೂ ಬರದೆ ಕೆಳಗೂ ಹೋಗದೆ ನಡುವೆ ನಿಂತುಬಿಟ್ಟಿತು. "ಕಡ್ಡಿಲಿ ಒತ್ತುದ್ರೆ ಕೆಳಿಕೋಗಿ ತಿರ್ಗಾ ಅಲ್ಗೇ ಬತ್ತದೆ ಸಾ! ಯಾಕ್ ಸಾ?"

ಮೇಷ್ಟರಿಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಪಾಠ ಮಾಡಿದವರು ತಾವು, ಕಂಡವಳು ಅವಳು. ಉಪ್ಪುನೀರು ಭಾರವಾಗಿ ಕೆಳಗೇ ಉಳಿಯಿತು, ಸಾದಾ ನೀರು ಹಗುರವಾಗಿ ಮೇಲೆ ನಿಂತಿತು, ಮೊಟ್ಟೆ ಇದಕ್ಕಿಂತ ಭಾರ, ಅದಕ್ಕಿಂತ ಹಗುರ, ಹಾಗಾಗಿ ಎರಡೂ ಕೂಡುವ ಕಡೆ ಸಿಕ್ಕಿಕೊಂಡಿತು ಎಂದು ಕೈಯಾಡಿಸಿ ವಿವರಿಸಿದರು. ಹುಡುಗಿಯ ಮುಖದ ಮೇಲೆ ಅದು ಬೆಳಗುವುದನ್ನು ನೋಡುತ್ತಿದ್ದ ಹಾಗೆ ಅವರ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಇಂಥ ಒಂದು ಬೆಳಗಿಗಾಗಿಯೇ ಅವರು ಇಷ್ಟು ಕಾಲ ಕೂಗಾಡಿದ್ದು.

"ಸೋಮವಾರ ಟೆಸ್ಟಲ್ಲಿ ಇದ್ನೇ ಬರೀತೀನಿ ಸಾ," ಅಂದಳು ನಾಗಶ್ರೀ.

ಟೆಸ್ಟಿನ ಉತ್ತರ ಪತ್ರಿಕೆ ಸಹಿಗಾಗಿ ಮನೆಗೆ ಹೋಗುತ್ತದೆ. ಆ ಮನೆಯಲ್ಲಿ ಸಹಿ ಹಾಕುವವರು ಅಜ್ಜಿ, ಅದೂ ಕನ್ನಡಕ ಹಾಕಿಕೊಂಡು ಪ್ರತಿ ಸಾಲು ಓದಿದ ಮೇಲೆ. ರಸ್ತೆಯ ಆಚೆ ಡೈರಿಯ ಮುಂದೆ ಶಿವರತ್ನಮ್ಮ ಕೈ ಬೀಸಿ ಬೀಸಿ ಮಾತಾಡುತ್ತಿದ್ದುದು ವರಾಂಡಕ್ಕೆ ಕಾಣುತ್ತಿತ್ತು.

"ಬೇಡ," ಅಂದರು ರುದ್ರಸ್ವಾಮಿ ಮೇಷ್ಟರು. "ಗೈಡಲ್ಲಿ ಇರೋದನ್ನೇ ಬರಿ."

ಹುಡುಗಿ ಅವರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ನೆಲ ನೋಡಿಕೊಂಡು, ಅಜ್ಜಿಗೆ ಹೇಳಿದ ದನಿಯಲ್ಲೇ, "ಆಯ್ತು ಸಾ," ಅಂದಳು.