ಹಗೇವಿನೊಳಗಿಂದ ಕೇಳಿದ ಹೆಸರು

ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಾವು ಚಿಕ್ಕವರಿದ್ದಾಗ ಬಾಗಲಕೋಟೆ ಸ್ಟೇಷನ್ನಿನ ಹಿಂದೆ, ನಮ್ಮ ಹಿತ್ತಿಲಿಗೆ ಹತ್ತಿಕೊಂಡು, ಒಂದು ಬೆಚ್ಚನೆಯ ದಿಬ್ಬವಿತ್ತು. ಗಣಿಯಿಂದ ರೈಲಿನಲ್ಲಿ ಬಂದ ಕಲ್ಲಿದ್ದಲಿನ ದಪ್ಪ ಹೆಂಟೆಗಳು ಇಂಜಿನ್ನಿಗೆ ಹೋಗುತ್ತಿದ್ದವು. ಪುಡಿ, ಕರಿಗಲ್ಲು, ಕಸ ಎಲ್ಲ ನಮ್ಮ ಪಾಲಿಗೆ. ಸುರಿದು ಸುರಿದು ಅದು ನಮ್ಮ ಮಾಳಿಗೆಗಿಂತ ಎತ್ತರವಾಗಿತ್ತು.

ಆ ವರ್ಷ ಹಿಂಗಾರಿ ಮಳೆ ಜೋರಾಗಿ ಬಂತು. ಮಳೆ ನಿಂತ ಮೇಲೆ ದಿಬ್ಬ ಹಬೆ ಬಿಡತೊಡಗಿತು. ಯಾರೂ ಕಡ್ಡಿ ಗೀರಿರಲಿಲ್ಲ. ತಾನೇ ಒಳಗೊಳಗೆ ಕಾದಿತ್ತು. ನಮಗೇನು, ಚಳಿಯ ಮುಂಜಾನೆ ಕುರಿಮರಿಗಳ ಜೊತೆ ಅದರ ಮೇಲೆ ಕೂತು, ಬಿರುಕಿನಲ್ಲಿ ಶೇಂಗಾ ಹುಗಿದು ಸುಟ್ಟು ತಿನ್ನುತ್ತಿದ್ದೆವು. ಶೇಂಗಾಕ್ಕೆ ಚಿಮಣಿ ಎಣ್ಣೆಯ ವಾಸನೆ. ಆದರೂ ಬಿಡುತ್ತಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ ಮಾತ್ರ ಬೀರಪ್ಪ ದೇವರ ಭಂಡಾರದ ಅರಿಶಿನವನ್ನು ದಿಬ್ಬದ ಬುಡಕ್ಕೆ ಚೆಲ್ಲಿ ಕೈಮುಗಿಯುತ್ತಿದ್ದಳು.

ಅವಳ ದಿಗಿಲಿಗೆ ಕಾರಣವಿತ್ತು. ದಿಬ್ಬಕ್ಕೂ ಮನೆಗೂ ನಡುವೆ ನಮ್ಮ ಹಗೇವು, ಅಂದರೆ ವರ್ಷದ ಜೋಳವನ್ನೆಲ್ಲ ತುಂಬಿಟ್ಟ ನೆಲದಡಿಯ ಕುಣಿ. ಒಂದು ದಿನ ಬರಿಗಾಲಲ್ಲಿ ಅದರ ಬಾಯಿಗಲ್ಲು ತುಳಿದವಳು ಅಲ್ಲೇ ಕುಕ್ಕರಿಸಿ ಅಂಗೈ ಊರಿದಳು.

“ಸಿದ್ದಾ, ಇಲ್ಲಿ ಬಾರೋ. ನೆಲ ಜ್ವರ ಬಂದಂಗ ಕಾದೈತಿ. ಜ್ವಾಳ ಒಳಗ ಹುರದ ಹೋದ್ರ ವರ್ಷಾನಗಟ್ಲೆ ಏನ ತಿನ್ನೂದು?”

“ಅರಳ ತಿನ್ನೂಣ ಬಿಡಬೇ,” ಎಂದ ಸಿದ್ದಪ್ಪ ಕಾಕಾ. ಯಾವುದಕ್ಕೂ ನಗುವ ಜಾತಿ ಅವನದು.

ಅಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಜೋಳವನ್ನು ಬುಟ್ಟಿಗೆ ತುಂಬಿ ಮೇಲೆ ಕಳಿಸಲು ಇಳಿಯಬೇಕಾದವನು ಕಾಕಾನೇ. ಹಗೇವಿನ ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲು ಇಳಿಬಿಟ್ಟರು. ದೀಪ ನಂದಿದರೆ ಗಾಳಿ ಕೆಟ್ಟಿದೆ, ಉರಿದರೆ ಇಳಿಯಬಹುದು. ನಮಗೆ ಗೊತ್ತಿದ್ದದ್ದು ಅಷ್ಟೇ. ದೀಪ ಚೆನ್ನಾಗಿ ಉರಿಯಿತು. ಕಾಕಾನ ಸೊಂಟಕ್ಕೆ ಹಗ್ಗ ಬಿಗಿದು, ಪಕ್ಕದ ಮನೆಯ ಹುಸೇನಸಾಬ ಇನ್ನೊಂದು ತುದಿ ಹಿಡಿದ.

ಇಳಿದವನು ಬಾಯಿ ಮುಚ್ಚಬಾರದು, ಮಾತಾಡುತ್ತಲೇ ಇರಬೇಕು. ಅದಕ್ಕೆಂದೇ ಆಯಿ ಪ್ರತಿ ವರ್ಷ ಮೇಲಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಹೆಂಡತಿ ಹೆಸರೇನು? ಗಂಡ ಹೆಂಡತಿಯ ಹೆಸರೆತ್ತುವ ಕಾಲವಲ್ಲ ಅದು. ಕಾಕಾ ಏನಾದರೂ ಹೇಳಿ ನುಣುಚಿಕೊಳ್ಳುತ್ತಿದ್ದ, ನಾವು ನಗುತ್ತಿದ್ದೆವು.

ಮೊದಲ ಬುಟ್ಟಿ ಮೇಲೆ ಬಂತು. ಜೋಳ ಬಿಸಿಯಾಗಿತ್ತು, ಅಲ್ಲಲ್ಲಿ ಕಂದಿತ್ತು.

“ಹಿಟ್ಟ ಬೀಸಿದ್ರ ಸಾಕು ಯವ್ವ, ರೊಟ್ಟಿ ಇಲ್ಲೇ ಬೇಯತೈತಿ!” ಕಾಕಾ ಕೆಳಗಿನಿಂದ ಕೂಗಿದ.

“ಅದಿರ್ಲಿ, ಹೆಂಡ್ತಿ ಹೆಸರ ಹೇಳೋ.”

“ನಿನ್ನ ಸೊಸಿ ಹೆಸರು, ನೀನ ಹೇಳ!”

ಚಿಗವ್ವ, ಅಂದರೆ ಕಾಕಾನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎರಡನೆಯ ಬುಟ್ಟಿ ತಡವಾಗಿ ಬಂತು. ಮೂರನೆಯದು ಬರಲಿಲ್ಲ.

“ಸಿದ್ದಾ?”

ಆಯಿ ಹಗೇವಿನ ಬಾಯಿಗೆ ಬಗ್ಗಿದಳು.

“ಏ, ಆಟ ಹಚ್ಚಬ್ಯಾಡ. ಹೆಂಡ್ತಿ ಹೆಸರ ಹೇಳ.”

ಸ್ವಲ್ಪ ಹೊತ್ತಾದ ಮೇಲೆ ಕೆಳಗಿನಿಂದ, ಹೆಂಡ ಕುಡಿದವನ ನಾಲಿಗೆಯಂತೆ ತೊದಲುತ್ತ, ಬಂತು:

“ಲಕ್ಕವ್ವ...”

ಎಲ್ಲರೂ ಗೊಳ್ಳೆಂದು ನಕ್ಕೆವು. “ಅಂತೂ ಹೇಳಿದ್ಯಲ್ಲಲೇ ಮಗನ!” ಎಂದ ಹುಸೇನಸಾಬ. ನಾನು ಚಪ್ಪಾಳೆ ತಟ್ಟಿದೆ.

ಚಿಗವ್ವ ನಗಲಿಲ್ಲ.

“ಜಗ್ಗರಿ! ಎಚ್ಚರ ಇದ್ರ ಅವರು ನನ್ನ ಹೆಸರ ಹೇಳಾವರಲ್ಲ. ಮೊದಲ ಜಗ್ಗರಿ!” ಎಂದು ಒದರಿ ತಾನೇ ಹಗ್ಗಕ್ಕೆ ಕೈಹಾಕಿದಳು.

ಮೇಲೆಳೆದಾಗ ಕಾಕಾನ ಕತ್ತು ವಾಲಿತ್ತು. ಮುಖ ಮಾತ್ರ ಮದುಮಗನ ಮುಖದಂತೆ ಕೆಂಪಗಿತ್ತು. ನಾನು ಬಗ್ಗಿ ಇಣುಕಿದರೆ, ಕೆಳಗೆ ಜೋಳದ ಮೇಲೆ ಕಂದೀಲು ಇನ್ನೂ ಉರಿಯುತ್ತಿತ್ತು. ಏನೂ ಆಗೇ ಇಲ್ಲವೆಂಬಂತೆ. ಕಲ್ಲಿದ್ದಲು ಒಳಗೇ ಬೇಯುತ್ತ ಬಿಟ್ಟ ವಿಷಗಾಳಿ ಮಣ್ಣಿನ ಬಿರುಕಿನಲ್ಲಿ ಹಾದು ಹಗೇವು ತುಂಬಿತ್ತು. ಆ ಗಾಳಿ ಮನುಷ್ಯನನ್ನು ಕೆಡವಿದರೂ ದೀಪವನ್ನು ಆರಿಸುವುದಿಲ್ಲ ಎಂದು ನಮಗೆ ಯಾರು ಹೇಳಬೇಕಿತ್ತು?

ಕಾಕಾನನ್ನು ಬಯಲ ಗಾಳಿಗೆ ಮಲಗಿಸಿದರು. ಆಯಿ ಅವನ ಎದೆಯ ಮೇಲಿಟ್ಟ ಕೈ ಎತ್ತಲೇ ಇಲ್ಲ. ಹೊತ್ತು ಇಳಿಯುವಾಗ ಅವನು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ.

“ಯಾಕ ಅಳಾಕತ್ತೀರಿ? ಯಾರ ಸತ್ರು?”

ಆ ಜೋಳವನ್ನು ಕುರಿಗಳೂ ಮೂಸಲಿಲ್ಲ. ಹಗೇವಿಗೆ ಮಣ್ಣು ತುಂಬಿದೆವು. ರೈಲಿನವರು ದಿಬ್ಬ ಅಗೆಸಿದಾಗ ಅದರ ಹೊಟ್ಟೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ನಾವು ಅದರ ಮೇಲೆ ಕೂತು ಶೇಂಗಾ ತಿಂದಿದ್ದೆವು. ಹಿಂದಿನ ಕಾಲವೇ ಚೆಂದ ಅನ್ನುವವರಿಗೆ ಆ ಶೇಂಗಾ ನಾಲ್ಕು ತಿನ್ನಿಸಬೇಕು.

ಈಗ ದಿಬ್ಬವಿಲ್ಲ, ಹಗೇವಿಲ್ಲ, ಆಯಿಯಿಲ್ಲ. ಕಾಕಾ ಆಮೇಲೂ ಬಹಳ ವರ್ಷ ಬಾಳಿದ, ನಗಿಸಿದ, ಹೋದ. ಹೆಂಡತಿಯ ಹೆಸರನ್ನು ಮಾತ್ರ ಮತ್ತೆ ಎತ್ತಲಿಲ್ಲ. ಮೊನ್ನೆ ಹೋದಾಗ ಚಿಗವ್ವ ಜೋಳ ಹಸನು ಮಾಡುತ್ತಿದ್ದಳು. ಆ ಮಾತು ನಾನೇ ತೆಗೆದೆ. ಅವಳ ಕೈ ಮೊರದ ಮೇಲೆ ನಿಂತಿತು.

“ಜಲ್ಮದಾಗ ಒಮ್ಮೆ ಹೆಸರ ಹಿಡದ ಕರದಿದ್ರು, ಮಗಳ. ನಾ ಜಗ್ಗರಿ ಜಗ್ಗರಿ ಅಂತ ಒದರಿದ್ನಿ,” ಎಂದಳು. “ಓ ಅನ್ನೂದ ಉಳದ ಹೋತು.”