ಲಿಫ್ಟ್ ಮಾಮನ ಉಪಕಾರಸ್ಮರಣೆ

ನಮ್ಮ ಕಟ್ಟಡದ ಲಿಫ್ಟ್ ಮಾಮನಿಗೆ ಯಾರನ್ನೂ ಸುಮ್ಮನೆ ಇಳಿಸಿ ಗೊತ್ತಿಲ್ಲ. ಪೇಪರಿನವನಿಗೆ "ನಿನ್ನ ಶಿಳ್ಳೆ ಕೇಳಿದ್ರೇನೇ ಕಣಪ್ಪ ನಂಗೆ ಬೆಳಗಾಗೋದು" ಅನ್ನುತ್ತಾರೆ. ಸಿಡುಕು ಮೋರೆಯ ವಕೀಲರಿಗೆ "ನೀವು ಬೈದ್ರೆ ಮೈಚಳಿ ಬಿಡುತ್ತೆ ಸಾರ್, ಉಪಕಾರ ಆಯ್ತು" ಅನ್ನುತ್ತಾರೆ. ನನ್ನ ಕಂಕುಳಲ್ಲಿರುವ ಕೂಸಿಗೂ ಕೈಮುಗಿಯುತ್ತಾರೆ. ಕೊನೆಯ ಮಹಡಿಯಲ್ಲಿ ನಾನಿಳಿದ ಮೇಲೆ ಖಾಲಿ ಮೂಲೆಗೆ ತಿರುಗಿ, "ಮೆಟ್ಟಿಲು ಕನ್ನಡಿ ಹಾಗಿದೆ ತಾಯಿ, ಇನ್ನು ಮಲಗು" ಅನ್ನುತ್ತಾರೆ. "ಯಾರಿಗೆ ಹೇಳ್ತಿದೀರಿ ಮಾಮ?" ಎಂದು ಒಮ್ಮೆ ಕೇಳಿದೆ. "ಇಲ್ಲಿ ಕಸ ಗುಡಿಸ್ತಿದ್ದೋಳಿಗೆ ಕಣಮ್ಮ. ಸಾಯೋವರೆಗೂ ಅವಳಿಗೆ ಯಾರೂ ಒಂದೊಳ್ಳೆ ಮಾತು ಆಡ್ಲಿಲ್ಲ, ನಾನೂ ಆಡ್ಲಿಲ್ಲ. ಈಗ ಆಡದಿದ್ರೆ ಯಾರ ಹಿಂದಾದ್ರೂ ಮನೆಗೇ ಹೋಗ್ಬಿಡ್ತಾಳೆ." ನಾನು ನಕ್ಕುಬಿಟ್ಟಿದ್ದೆ. ಇವತ್ತು ಮಾಮ ಜ್ವರ ಬಂದು ಮಲಗಿದ್ದರು. ನಾನೇ ಗುಂಡಿ ಒತ್ತಿಕೊಂಡು ಮೇಲೆ ಬಂದೆ. ಕೂಸನ್ನು ತೊಟ್ಟಿಲಿಗೆ ಹಾಕಿ, ಹಾಲು ಕಾಯಿಸಿಕೊಂಡು ಬಂದು ನೋಡಿದರೆ ಚೆಲ್ಲಾಡಿದ್ದ ಆಟಿಕೆಗಳೆಲ್ಲ ಗೋಡೆ ಬದಿಗೆ ಸೇರಿವೆ, ನೆಲದ ಮೇಲೆ ಒಂದು ಕೂದಲೆಳೆಯೂ ಇಲ್ಲ, ಕೂಸು ಮೂಲೆ ನೋಡಿಕೊಂಡು ಕೇಕೆ ಹಾಕಿ ನಗುತ್ತಿದೆ. ಕೂಸನ್ನು ಅವುಚಿಕೊಂಡು, ಹೊರಬಾಗಿಲು ತೆರೆದು, "ಮನೆ ಎಷ್ಟು ಚೊಕ್ಕಟ ಆಯ್ತಕ್ಕ, ನಿಮ್ಮಿಂದ ದೊಡ್ಡ ಉಪಕಾರ" ಅಂದೆ. ಬಾಗಿಲ ಪರದೆ ಮೆಲ್ಲಗೆ ಸರಿಯಿತು. ಹೊರಟವರಿಗೆ ಬರೀ 'ಹೋಗಿ' ಅನ್ನಲು ನಮಗೆ ನಾಲಿಗೆ ಏಳುವುದಿಲ್ಲವಲ್ಲ. ರೂಢಿಯಂತೆ "ಹೋಗಿ ಬನ್ನಿ" ಅಂದುಬಿಟ್ಟೆ.